ಆತಂಕದ ಗುಳಿಗೆ: ಶುರು ಮಾಡುವ ದಿನವೇ ಬಿಡುವ ದಿನ ಕೇಳಿಕೊಳ್ಳಿ

ನನ್ನ ಸೋದರತ್ತೆ ಗದುಗಿನವರು. ಮಾವ ತೀರಿಕೊಂಡ ಮೇಲೆ ನಡುರಾತ್ರಿ ಎದೆ ಡವಡವ ಹೊಡೆದುಕೊಂಡು, ಉಸಿರು ಕಟ್ಟಿದಂತಾಗಿ ಎದ್ದು ಕೂರುತ್ತಿದ್ದರು. ವೈದ್ಯರು 0.25 ಮಿ.ಗ್ರಾಂ. ಆಲ್ಪ್ರಜೋಲಾಮ್ ಗುಳಿಗೆಯನ್ನು ಎರಡು ವಾರಕ್ಕೆಂದು ಬರೆದುಕೊಟ್ಟರು. ಅತ್ತೆ ನುಂಗಿದ್ದು ಆರು ವರ್ಷ. ಅದೇ ಮಾಸಿದ ಚೀಟಿ ತೋರಿಸಿದರೆ ಅಂಗಡಿಯವರು ಕೊಡುತ್ತಿದ್ದರು. “ನಿದ್ದಿ ಗುಳಿಗಿ ತೀರ್ಯಾವು, ತಂದಕೊಡು” ಎಂದಾಗ ನಾನೂ ತಂದುಕೊಟ್ಟಿದ್ದೇನೆ. ಒಮ್ಮೆ ಪಂಢರಪುರಕ್ಕೆ ಹೋದಾಗ ಗುಳಿಗೆ ಮನೆಯಲ್ಲೇ ಉಳಿಯಿತು. ಮೂರನೇ ದಿನಕ್ಕೆ ಕೈ ನಡುಕ, ಬೆವರು, ಕಣ್ಣಿಗೆ ಚೂರೂ ನಿದ್ದೆಯಿಲ್ಲ. ಆಗಲೇ ನಮಗೆ ಈ ಗುಳಿಗೆ ಏನೆಂದು ಗೊತ್ತಾಗಿದ್ದು.

ಹಾಗೆಂದು ಇದು ಕೆಟ್ಟ ಔಷಧವಲ್ಲ. ಆಲ್ಪ್ರಜೋಲಾಮ್, ಕ್ಲೋನಜೆಪಾಮ್, ಲೋರಜೆಪಾಮ್, ಡಯಜೆಪಾಮ್ ಒಂದೇ ಬಳಗದವು. ಮಿದುಳಿನ ನರಕೋಶಗಳ ಅಬ್ಬರವನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕಕ್ಕೆ ಇವು ಬಲ ಕೊಡುತ್ತವೆ. ಪ್ಯಾನಿಕ್ ಬಂದು “ಸತ್ತೇ ಹೋಗ್ತೀನಿ” ಅನ್ನಿಸುವವರಿಗೆ ಹೆಚ್ಚುಕಡಿಮೆ ಒಂದು ಗಂಟೆಯೊಳಗೆ ನಿರಾಳ ಸಿಗುತ್ತದೆ. ಆತಂಕವನ್ನು ದೀರ್ಘಕಾಲ ಹಿಡಿತದಲ್ಲಿಡುವ ಎಸ್ಸಿಟಾಲೋಪ್ರಾಮ್‌ನಂಥ ಔಷಧಗಳು ಕೆಲಸ ತೋರಿಸಲು ಕೆಲವು ವಾರಗಳೇ ಬೇಕು. ನಡುವಿನ ಆ ಕಷ್ಟದ ದಿನಗಳನ್ನು ದಾಟಿಸುವುದು ಈ ಗುಳಿಗೆಯ ಕೆಲಸ.

ವೈದ್ಯರ ಮುಂದೆ ಕುಳಿತಾಗ

“ಇದನ್ನು ಎಷ್ಟು ದಿನ ತಗೋಬೇಕು, ಹೇಗೆ ಬಿಡಬೇಕು?” ಎಂದು ಮೊದಲ ದಿನವೇ ಕೇಳಿ, ಉತ್ತರವನ್ನು ಚೀಟಿಯ ಮೇಲೆಯೇ ಬರೆಸಿಕೊಳ್ಳಿ. ದಿನವೂ ತೆಗೆದುಕೊಂಡರೆ ಕೆಲವೇ ವಾರಗಳಲ್ಲಿ ದೇಹ ಇದಕ್ಕೆ ಒಗ್ಗಿಕೊಳ್ಳಬಹುದು. ಗೊರಕೆ ಹೊಡೆಯುತ್ತಾ ಉಸಿರು ನಿಲ್ಲುವ ತೊಂದರೆ, ದಮ್ಮು, ಲಿವರ್ ಕಾಯಿಲೆ, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯ ಕೆಲವು ಬಗೆಗಳು, ಬಸಿರು, ಎದೆಹಾಲುಣಿಸುವುದು ಯಾವುದಿದ್ದರೂ ಹೇಳಿ. ಕುಡಿಯುವ ಅಭ್ಯಾಸವಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಸಾರಾಯಿಯ ಜತೆ ಈ ಗುಳಿಗೆ ಸೇರಿದರೆ ಉಸಿರಾಟವೇ ನಿಧಾನವಾಗಿ ಪ್ರಾಣಕ್ಕೆ ಕುತ್ತು ಬರಬಹುದು. ಟ್ರಮಡಾಲ್‌ನಂಥ ನೋವಿನ ಗುಳಿಗೆ, ಕೊಡೀನ್ ಇರುವ ಕೆಮ್ಮಿನ ಸಿರಪ್ಪಿನ ಜತೆಗೂ ಅದೇ ಅಪಾಯ.

ಒಂದು ಮಾತು ನಮ್ಮ ಕಡೆ ಯಾರೂ ಹೇಳುವುದಿಲ್ಲ. ಹುಳುಕಡ್ಡಿಗೆ ಕೊಡುವ ಇಟ್ರಾಕೋನಜೋಲ್, ಆಲ್ಪ್ರಜೋಲಾಮ್ ದೇಹದಲ್ಲಿ ಕರಗದಂತೆ ತಡೆದು ಅದರ ಪ್ರಮಾಣ ಏರಿಸುತ್ತದೆ. ಇವೆರಡನ್ನೂ ಒಟ್ಟಿಗೆ ತೆಗೆದುಕೊಳ್ಳಲೇಬಾರದು. ಚರ್ಮದ ಡಾಕ್ಟರಿಗೂ ನಿಮ್ಮ ಆತಂಕದ ಗುಳಿಗೆ ತೋರಿಸಿ.

ಅಂಗಡಿಯಲ್ಲಿ

ಆಲ್ಪ್ರಜೋಲಾಮ್, ಡಯಜೆಪಾಮ್ ಷೆಡ್ಯೂಲ್ ಎಚ್1 ಔಷಧಗಳು, ಅಂದರೆ ಮಾರಾಟಕ್ಕೆ ಕಾನೂನಿನ ಬಿಗಿ ನಿಯಮವಿರುವಂಥವು. ವೈದ್ಯರು ಬರೆದ ಚೀಟಿ ನೋಡಿಯೇ ಕೊಡಬೇಕು. ರೋಗಿಯ, ವೈದ್ಯರ ಹೆಸರನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಹೆಸರು ಕೇಳಿದರೆ ಸಿಟ್ಟಾಗಬೇಡಿ, ಕೇಳುವ ಅಂಗಡಿಯೇ ಒಳ್ಳೆಯದು. 0.25 ಮತ್ತು 0.5ರ ಪಟ್ಟಿಗಳು ನೋಡಲು ಒಂದೇ ಥರ ಇರಬಹುದು, ಅಂಕಿ ಓದಿಯೇ ಚೀಲಕ್ಕೆ ಹಾಕಿ.

ಮನೆಯಲ್ಲಿ

ಹೇಳಿದಷ್ಟೇ, ಹೇಳಿದ ಹೊತ್ತಿಗೆ. ಮರೆತರೆ ಮುಂದಿನ ಸಲ ಎರಡು ನುಂಗಬೇಡಿ. ಎಸ್‌ಆರ್ ಎಂದು ಬರೆದಿದ್ದರೆ ಅದು ಔಷಧವನ್ನು ನಿಧಾನವಾಗಿ ಬಿಡುವ ಗುಳಿಗೆ; ಮುರಿಯಬೇಡಿ, ಅಗಿಯಬೇಡಿ. ಮಂಪರು ಹೇಗಿದೆ ಎಂದು ತಿಳಿಯುವ ತನಕ ಬೈಕು, ಟ್ರ್ಯಾಕ್ಟರ್, ಮೇವು ಕತ್ತರಿಸುವ ಮಷೀನು ದೂರವಿರಲಿ. ಹುಬ್ಬಳ್ಳಿ–ಧಾರವಾಡ ನಡುವೆ ದಿನವೂ ಗಾಡಿ ಓಡಿಸುವವರು ಅಷ್ಟು ದಿನ ಚಿಗರಿ ಬಸ್ ಹತ್ತಿ. ವಯಸ್ಸಾದವರಿಗೆ ಇದು ಬೇಗ ಏರಿ ನಿಧಾನ ಇಳಿಯುತ್ತದೆ, ಮರೆವೂ ಹೆಚ್ಚುತ್ತದೆ. ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದು ಚಪ್ಪೆಯ ಎಲುಬು ಮುರಿದುಕೊಳ್ಳುವುದು ಹೀಗೆಯೇ. ಹಾಸಿಗೆಯಿಂದ ಬಚ್ಚಲ ತನಕ ಸಣ್ಣ ದೀಪ ಉರಿಯಲಿ. ಪಕ್ಕದ ಮನೆಯವರು “ನಂಗೂ ನಿದ್ದಿ ಬರವಲ್ದು” ಎಂದರೆ ಒಂದು ಗುಳಿಗೆಯನ್ನೂ ಕೊಡಬೇಡಿ.

ಎಬ್ಬಿಸಿದರೂ ಏಳದಷ್ಟು ನಿದ್ದೆ, ನಿಧಾನವಾದ ಉಸಿರು ಕಂಡರೆ 108ಕ್ಕೆ ಕರೆ ಮಾಡಿ, ಖಾಲಿ ಪಟ್ಟಿಯನ್ನು ಜತೆಗೆ ಒಯ್ಯಿರಿ.

ಬಿಡುವಾಗ

ಬಹಳ ದಿನ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಈ ಲೇಖನ ಓದಿ ಹೆದರಿ ನಾಳೆಯೇ ನಿಲ್ಲಿಸಬೇಡಿ, ದಯವಿಟ್ಟು. ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ; ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು ಹಿಡಿಯುತ್ತವೆ. ಎಲ್ಲಿ ಶುರು ಮಾಡುವುದೆಂದು ತಿಳಿಯದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಅಥವಾ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. 14416ಕ್ಕೆ ಕರೆ ಮಾಡಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ, ಹಗಲು ರಾತ್ರಿ, ಉಚಿತವಾಗಿ ಮಾತನಾಡುತ್ತಾರೆ.

ಅತ್ತೆಗೆ ಐದು ತಿಂಗಳು ಬೇಕಾಯಿತು. ಪ್ರಮಾಣ ಇಳಿಸಿದ ಪ್ರತಿ ದಿನಕ್ಕೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕುಂಕುಮದ ಬೊಟ್ಟು ಇಡುತ್ತಿದ್ದರು. ಈಗ ಮತ್ತೊಮ್ಮೆ ಪಂಢರಪುರಕ್ಕೆ ಹೊರಟಿದ್ದಾರೆ.