ಚಿಲಕದ ಮೇಲೆ ಕೈಯಿಟ್ಟು ಒಂದು ಉಸಿರು

ಬೆಳಿಗ್ಗೆ ಅರ್ಧ ಗಂಟೆ ಕಣ್ಣು ಮುಚ್ಚಿ ಕುಳಿತಾಗ ಸಿಗುತ್ತಿದ್ದ ನೆಮ್ಮದಿ, ಎದ್ದು ನಾಲ್ಕು ಹೆಜ್ಜೆ ಇಡುವುದರೊಳಗೆ ಕರಗಿಹೋಗುತ್ತಿತ್ತು. ಮೊಬೈಲ್ ಸದ್ದು ಮಾಡಿದರೆ ಸಾಕು, ಮತ್ತದೇ ಧಾವಂತ, ಅದೇ ಸಿಡುಕು. ವರ್ಷಗಟ್ಟಲೆ ಹೀಗೇ ನಡೆಯಿತು. 12ನೇ ಶತಮಾನದ ಶರಣರಲ್ಲಿ ನುಲಿಯ ಚಂದಯ್ಯ ಹಗ್ಗ ಹೊಸೆಯುತ್ತಿದ್ದರು, ಮಡಿವಾಳ ಮಾಚಯ್ಯ ಬಟ್ಟೆ ಒಗೆಯುತ್ತಿದ್ದರು. ಕೆಲಸ ಮುಗಿಸಿ ಆಮೇಲೆ ಶಿವನನ್ನು ನೆನೆಯೋಣ ಎಂದು ಅವರು ಕಾದು ಕುಳಿತವರಲ್ಲ. ನನಗೆ ಮಾತ್ರ ಆ ಅರ್ಧ ಗಂಟೆ ಬೇರೆ, ಬದುಕು ಬೇರೆ ಆಗಿಬಿಟ್ಟಿತ್ತು.

ನಾನು ಶುರು ಮಾಡಿದ್ದು ಬಾಗಿಲಿನಿಂದ. ಯಾವುದೇ ಬಾಗಿಲು ತೆರೆಯುವ ಮೊದಲು ಚಿಲಕದ ಮೇಲೆ ಕೈಯಿಟ್ಟು ಒಂದು ಉಸಿರನ್ನು ಪೂರ್ತಿಯಾಗಿ ಎಳೆದು ಬಿಡುವುದು, ಅಷ್ಟೇ. ಮೊದಲ ವಾರ ದಿನಕ್ಕೆ ಒಂದೆರಡು ಸಲ ನೆನಪಾದರೆ ಹೆಚ್ಚು. ಬಹುಪಾಲು ಒಳಗೆ ಹೋದ ಮೇಲೆಯೇ ಹೊಳೆಯುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ಚಿಲಕದ ತಣ್ಣನೆಯ ಸ್ಪರ್ಶವೇ ಎಚ್ಚರಿಸತೊಡಗಿತು. ಆ ಒಂದು ಉಸಿರಿನಲ್ಲಿ ನನಗೆ ಮೊದಲು ಕಂಡದ್ದು ದೇವರಲ್ಲ. ಕಚೇರಿಯಿಂದ ಹೊತ್ತು ತಂದು ಮನೆಯವರ ಮೇಲೆ ಸುರಿಯಲಿದ್ದ ಸಿಟ್ಟು ಕಂಡಿತು. ಆಮೇಲೆ ಒಳಗಿನ ದನಿಗಳು ಕೇಳಿಸಿದವು. ಯಾರೋ ನಗುತ್ತಿದ್ದರು. ನಾನು ಹೋಗದೆಯೂ ಅಲ್ಲೊಂದು ಸಂತೋಷ ತನ್ನಷ್ಟಕ್ಕೆ ನಡೆದಿತ್ತು.

ರಾತ್ರಿಗೆ ಇನ್ನೊಂದು ಅಭ್ಯಾಸ. ದಿನವನ್ನು ಪ್ರಾರ್ಥನೆಯಲ್ಲಿ ತಿರುಗಿ ನೋಡಬೇಕು, ಕೃತಜ್ಞತೆಯಿಂದಲೇ ಆರಂಭಿಸಬೇಕು ಎಂದು 16ನೇ ಶತಮಾನದ ಕ್ರೈಸ್ತ ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ್ದರು. ನಾನು ಅದನ್ನು ನನಗೆ ಬೇಕಾದಂತೆ ಚಿಕ್ಕದಾಗಿಸಿಕೊಂಡೆ: ಇಂದು ಮನಸ್ಸು ಎಲ್ಲಿ ತೆರೆಯಿತು, ಎಲ್ಲಿ ಮುಚ್ಚಿಕೊಂಡಿತು? ಎರಡೇ ಸಾಲು. ಆರಂಭದ ಪುಟಗಳಲ್ಲಿ ದೊಡ್ಡ ದೊಡ್ಡ ಮಾತುಗಳಿವೆ. ಅವುಗಳಲ್ಲಿ ಹೆಚ್ಚಿನವು ಸುಳ್ಳು.

ನಡುವೆ ಒಮ್ಮೆ ದಾರಿ ತಪ್ಪಿದೆ. ಕಾಕತಾಳೀಯಗಳಲ್ಲಿ ಸೂಚನೆ ಹುಡುಕತೊಡಗಿದೆ. ನೆನೆಸಿಕೊಂಡವರೇ ಫೋನ್ ಮಾಡಿದರೆ ಪುಳಕ, ಒಂದೇ ಸಂಖ್ಯೆ ಮತ್ತೆ ಮತ್ತೆ ಕಂಡರೆ ಲೆಕ್ಕಾಚಾರ. ಈಗ ಯಾರಾದರೂ ಕೇಳಿದರೆ, ಅತ್ತ ಹೋಗಬೇಡಿ ಎಂದೇ ಹೇಳುತ್ತೇನೆ. ಲೋಕವೆಲ್ಲ ನನ್ನನ್ನೇ ಕುರಿತು ಮಾತನಾಡುತ್ತಿದೆ ಎಂದುಕೊಂಡ ಆ ಎರಡು ತಿಂಗಳು, ಎದುರಿಗಿದ್ದವರ ಮುಖವನ್ನೇ ನಾನು ಸರಿಯಾಗಿ ನೋಡಿರಲಿಲ್ಲ.

ಅಮ್ಮನಿಗೆ ಮರೆವಿನ ಕಾಯಿಲೆ. ಒಂದು ಸಂಜೆ ಅವಳ ಕೋಣೆಯ ಬಾಗಿಲಲ್ಲಿ ಉಸಿರು ಬಿಟ್ಟು ಒಳಗೆ ಹೋದೆ. ಒಂದೇ ಟವೆಲನ್ನು ಮಡಚುತ್ತಿದ್ದಳು, ಬಿಡಿಸುತ್ತಿದ್ದಳು, ಮತ್ತೆ ಮಡಚುತ್ತಿದ್ದಳು. ಹಿಂದೆಲ್ಲ ನಾನು ಅದನ್ನು ಕಿತ್ತುಕೊಂಡು ಕಪಾಟಿಗೆ ಹಾಕಿಬಿಡುತ್ತಿದ್ದೆ. ಅಂದು ಅವಳ ಕೈ ನೋಡುತ್ತ ನಿಂತೆ. ಅಂಚಿಗೆ ಅಂಚು ಕೂಡಿಸುತ್ತಾಳೆ, ಹೆಬ್ಬೆರಳಿನಿಂದ ಮಡಿಕೆಯನ್ನು ನೀವುತ್ತಾಳೆ, ಒಂದು ಮೂಲೆ ಹೊರಗಿಣುಕಿದರೆ ಒಳಕ್ಕೆ ಸರಿಸುತ್ತಾಳೆ. ನನ್ನ ಹೆಸರು ಅವಳಿಂದ ಹೋಗಿ ವರ್ಷವಾಗಿತ್ತು. ಚಿಕ್ಕವನಿದ್ದಾಗ ನನ್ನ ಶಾಲೆಯ ಅಂಗಿಯನ್ನು ಮಡಚುತ್ತಿದ್ದ ಅಕ್ಕರೆ ಮಾತ್ರ ಆ ಬೆರಳುಗಳಲ್ಲಿ ಹಾಗೇ ಇತ್ತು.

ಪಕ್ಕದಲ್ಲಿ ಕುಳಿತೆ. ಅವಳು ಮಡಚಿಟ್ಟದ್ದನ್ನು ಬಿಡಿಸಿ ಅವಳ ಕೈಗೇ ಕೊಟ್ಟೆ. ತೆಗೆದುಕೊಂಡು ಅಂಚು ಹುಡುಕಿದಳು.