ಕಾದಂಬರಿ ಹಿಡಿದು ಊರು ಸುತ್ತುವುದು ಹೇಗೆ?

ಮನಸ್ಸಿಗೆ ಹತ್ತಿದ ಕಾದಂಬರಿಯ ಊರನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂಬ ಆಸೆ ಓದುವವರಿಗೆ ಬಂದೇ ಬರುತ್ತದೆ. ಆದರೆ ಹೋದವರಲ್ಲಿ ತುಂಬಾ ಜನ ಲೇಖಕರ ಮ್ಯೂಸಿಯಂ ನೋಡುತ್ತಾರೆ, ಪ್ರತಿಮೆ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ವಾಪಸ್ ಬರುತ್ತಾರೆ. ಪುಸ್ತಕ ಚೀಲದಲ್ಲೇ ಉಳಿಯುತ್ತದೆ. ಇದು ನನಗೆ ತೀರಾ ಬೇಸರದ ಸಂಗತಿ. ಪುಸ್ತಕ ಕೈಯಲ್ಲಿರಬೇಕು, ಅದು ತೋರಿಸಿದ ಕಡೆಗೆ ಕಾಲು ಹೋಗಬೇಕು. ಹಾಗೆ ಹೋದರೆ ಲೇಖಕರು ಊರಿನಿಂದ ಏನನ್ನು ಎತ್ತಿಕೊಂಡರು, ಏನನ್ನು ಬಿಟ್ಟರು ಅನ್ನೋದು ನಿಮಗೇ ಕಾಣುತ್ತದೆ. ಇಷ್ಟು ಮಾಡಲು ಗೈಡ್ ಬೇಕಿಲ್ಲ.

ಒಂದೇ ದೃಶ್ಯ ಸಾಕು

ಇಡೀ ಕಾದಂಬರಿಯನ್ನು ಸುತ್ತಲು ಹೊರಡಬೇಡಿ. ಜೇಮ್ಸ್ ಜಾಯ್ಸ್ ಅವರ 'ಯುಲಿಸೀಸ್' ನಡೆಯುವುದು 1904ರ ಜೂನ್ 16ರಂದು, ಒಂದೇ ದಿನ. ಆದರೂ ಅದು ಡಬ್ಲಿನ್ ನಗರದ ತುಂಬಾ ಹರಡಿಕೊಂಡಿದೆ. ಎಲ್ಲವನ್ನೂ ನೋಡುತ್ತೇನೆ ಅಂದರೆ ಏನೂ ನೋಡಿದ ಹಾಗಾಗುವುದಿಲ್ಲ. ಪಾತ್ರವೊಂದು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದುಹೋಗುವ ದೃಶ್ಯವನ್ನು ಹುಡುಕಿ. ನಡಿಗೆ ಇದ್ದಲ್ಲಿ ದಾರಿ ಇರುತ್ತದೆ, ದಾರಿ ಇದ್ದಲ್ಲಿ ನೀವೂ ನಡೆಯಬಹುದು.

ಮೊದಲ ಸಲ ಹೊರಡುವವರಿಗೆ ದಸ್ತಯೇವ್‌ಸ್ಕಿ ಅವರ 'ಅಪರಾಧ ಮತ್ತು ಶಿಕ್ಷೆ'ಯ ಮೊದಲ ಅಧ್ಯಾಯದಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಇಲ್ಲಿ ಹೇಳುವುದನ್ನೆಲ್ಲ ಅದರ ಜೊತೆಗೇ ಹೇಳುತ್ತೇನೆ.

ಪೆನ್ಸಿಲ್ ಹಿಡಿದು ಓದಿ

ಆರಿಸಿಕೊಂಡ ಪುಟಗಳನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಬೀದಿ, ಸೇತುವೆ, ತಿರುವು, ಎಷ್ಟನೇ ಮಹಡಿ, ಹೊತ್ತು, ಬೆಳಕು, ವಾಸನೆ, ಹೀಗೆ ಸಿಕ್ಕಿದ್ದೆಲ್ಲದರ ಕೆಳಗೆ ಗೆರೆ ಎಳೆಯಿರಿ. ಆಮೇಲೆ ಅವನ್ನು ಬಂದ ಕ್ರಮದಲ್ಲೇ ಒಂದು ಹಾಳೆಗೆ ಇಳಿಸಿ. ಹಳೆಯ ಕಾದಂಬರಿಯಾದರೆ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಪುಕ್ಕಟೆಯಾಗಿ ಸಿಗುವ ಸಾಧ್ಯತೆ ಇದೆ. ಅಲ್ಲಿ ಬೀದಿಯ ಹೆಸರು ಹಾಕಿ ಹುಡುಕಿದರೆ ಅದು ಕಥೆಯಲ್ಲಿ ಎಲ್ಲೆಲ್ಲಿ ಬರುತ್ತದೆ ಅಂತ ಕ್ಷಣದಲ್ಲಿ ಗೊತ್ತಾಗುತ್ತದೆ.

'ಅಪರಾಧ ಮತ್ತು ಶಿಕ್ಷೆ'ಯಲ್ಲಿ ಸಿಗುವುದು ಇಷ್ಟು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರ, ಜುಲೈ ತಿಂಗಳ ಆರಂಭ, ವಿಪರೀತ ಸೆಕೆ, ಸಂಜೆ. ರಸ್ಕೋಲ್ನಿಕೊವ್ ಎಂಬ ಯುವಕ ಐದು ಮಹಡಿ ಮನೆಯ ಸೂರಿನಡಿಯ ಕೋಣೆಯಿಂದ ಇಳಿದು 'ಎಸ್' ಓಣಿಗೆ ಬರುತ್ತಾನೆ. 'ಕೆ' ಸೇತುವೆಯ ಕಡೆ ನಿಧಾನವಾಗಿ ನಡೆಯುತ್ತಾನೆ. ಸುತ್ತ ಸುಣ್ಣ, ಇಟ್ಟಿಗೆ, ಧೂಳು, ಕಟ್ಟಡಗಳಿಗೆ ಕಟ್ಟಿದ ಸಾರ್ವೆ. ಅವನು ಹೋಗಬೇಕಾದದ್ದು ಬಡ್ಡಿಗೆ ಸಾಲ ಕೊಡುವ ಮುದುಕಿಯ ಮನೆಗೆ, ಮುಂದೆ ಅವನು ಕೊಲ್ಲುವುದು ಅವಳನ್ನೇ. ಆ ಮನೆಯ ಒಂದು ಬದಿ ಕಾಲುವೆಗೆ, ಇನ್ನೊಂದು ಬದಿ ಬೀದಿಗೆ. ತನ್ನ ಮನೆ ಬಾಗಿಲಿನಿಂದ ಅಲ್ಲಿಗೆ ಸರಿಯಾಗಿ 730 ಹೆಜ್ಜೆ ಅಂತ ಅವನಿಗೆ ಗೊತ್ತು.

ಲೇಖಕರು ಹೆಸರು ಮುಚ್ಚಿಟ್ಟರೂ ಹೆಜ್ಜೆ ಎಣಿಸಿ ಕೊಟ್ಟಿದ್ದಾರೆ! 'ಎಸ್' ಅಂದರೆ ಸ್ತೊಲ್ಯಾರ್ನಿ ಓಣಿ, 'ಕೆ' ಅಂದರೆ ಕೊಕುಶ್ಕಿನ್ ಸೇತುವೆ. ಕಾದಂಬರಿ ಬರೆಯುವಾಗ ದಸ್ತಯೇವ್‌ಸ್ಕಿ ಆ ಓಣಿಯ ಹತ್ತಿರವೇ ಬಾಡಿಗೆಗೆ ಇದ್ದರು. ದಿನಾ ತುಳಿಯುತ್ತಿದ್ದ ದಾರಿಯನ್ನೇ ತಮ್ಮ ಪಾತ್ರಕ್ಕೆ ಕೊಟ್ಟರು.

ಎಲ್ಲ ಜಾಗಗಳೂ ಹೀಗೆ ಸಿಗುವುದಿಲ್ಲ. ಕೆಲವು ಲೇಖಕರು ಇದ್ದ ಹೆಸರನ್ನು ಇದ್ದ ಹಾಗೇ ಇಡುತ್ತಾರೆ. ನಗೀಬ್ ಮಹಫೂಜ್ ಅವರ ಕೈರೋ ತ್ರಿವಳಿಯ ಮೂರೂ ಪುಸ್ತಕಗಳ ಅರಬ್ಬಿ ಹೆಸರುಗಳು ಹಳೆಯ ಕೈರೋದ ನಿಜವಾದ ಜಾಗಗಳದ್ದೇ. ಕೆಲವರು ನಿಜವಾದ ಬೀದಿಯಲ್ಲಿ ಇಲ್ಲದ ಮನೆ ಕಟ್ಟುತ್ತಾರೆ. ಕಥೆಗಳಲ್ಲಿ ಪತ್ತೇದಾರ ಷರ್ಲಾಕ್ ಹೋಮ್ಸ್‌ನ ಮನೆ ಲಂಡನ್ನಿನ ಬೇಕರ್ ಸ್ಟ್ರೀಟ್‌ನ 221ಬಿ. ಆದರೆ ಆ ಕಥೆಗಳು ಶುರುವಾದಾಗ ಅಲ್ಲಿ 221ರವರೆಗೆ ಮನೆ ನಂಬರ್‌ಗಳೇ ಇರಲಿಲ್ಲ. ಈಗ '221ಬಿ' ಎಂಬ ಫಲಕ ಹಾಕಿಕೊಂಡಿರುವ ಮ್ಯೂಸಿಯಂ ಇರುವುದು 237 ಮತ್ತು 241ರ ನಡುವೆ. ಅಲ್ಲಿ ಮನೆ ಹುಡುಕುವ ಬದಲು ಬೀದಿ ನೋಡಿ.

ಹಳೆಯ ನಕ್ಷೆ, ಹಳೆಯ ಕ್ಯಾಲೆಂಡರ್

ಇದು ಜನ ಜಾಸ್ತಿ ಬಿಟ್ಟುಬಿಡುವ ಹೆಜ್ಜೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಇದೇ. ಫೋನಿನ ನಕ್ಷೆಯಲ್ಲಿ ಕಾದಂಬರಿಯ ಬೀದಿ ಹಾಕಿದರೆ ಎಷ್ಟೋ ಸಲ ಏನೂ ಬರುವುದಿಲ್ಲ, ಯಾಕೆಂದರೆ ಹೆಸರು ಬದಲಾಗಿರುತ್ತದೆ. ದಸ್ತಯೇವ್‌ಸ್ಕಿ ಕಾಲದ ಯೆಕತೆರೀನ್‌ಸ್ಕಿ ಕಾಲುವೆ ಈಗ ಗ್ರಿಬೊಯೆದೊವ್ ಕಾಲುವೆ. ಹಾಗಾಗಿ ಕಥೆ ನಡೆಯುವ ಕಾಲದ ನಕ್ಷೆಯನ್ನು ಹುಡುಕಿ. ಬ್ರಿಟನ್ನಿನ ಊರುಗಳಿಗಾದರೆ ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್‌ನ ತಾಣದಲ್ಲಿ ಹಳೆಯ ನಕ್ಷೆಯನ್ನು ಇವತ್ತಿನ ನಕ್ಷೆಯ ಮೇಲೆ ಇಟ್ಟು ನೋಡಬಹುದು. ಬೇರೆ ದೇಶದ ಊರುಗಳಿಗೆ ಡೇವಿಡ್ ರಮ್ಸೆ ಹಳೆಯ ನಕ್ಷೆಗಳ ಸಂಗ್ರಹದ ತಾಣದಲ್ಲಿ ಹುಡುಕಿ. ನಿಮ್ಮ ಹಾಳೆಯಲ್ಲಿ ಪ್ರತಿ ಹೆಸರಿನ ಪಕ್ಕ ಈಗಿನ ಹೆಸರನ್ನು ಬರೆದುಕೊಳ್ಳಿ.

ತಾರೀಕನ್ನೂ ಪರೀಕ್ಷಿಸಿ. 19ನೇ ಶತಮಾನದ ರಷ್ಯಾದ ಕ್ಯಾಲೆಂಡರ್ ನಮ್ಮ ಈಗಿನ ಕ್ಯಾಲೆಂಡರ್‌ಗಿಂತ 12 ದಿನ ಹಿಂದಿತ್ತು. ಅಂದರೆ ಕಾದಂಬರಿಯ 'ಜುಲೈ ಆರಂಭ' ನಮಗೆ ಜುಲೈ ನಡುಭಾಗ. ಆಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರಾತ್ರಿ ಹತ್ತರ ಹೊತ್ತಿಗೂ ಬೆಳಕಿರುತ್ತದೆ. ಕತ್ತಲೆಗೆ ಮರೆಯಾಗಿ ಓಡಾಡಲು ರಸ್ಕೋಲ್ನಿಕೊವ್‌ಗೆ ಅವಕಾಶವೇ ಇಲ್ಲ ಅನ್ನೋದು ಆಗ ತಟ್ಟನೆ ಅರ್ಥವಾಗುತ್ತದೆ, ಅಲ್ವಾ?

ಆ ಹೊತ್ತಿಗೇ ಹೋಗಿ

ಸಂಜೆಯ ದೃಶ್ಯಕ್ಕೆ ಸಂಜೆಯೇ ಹೋಗಿ, ಚಳಿಗಾಲದ್ದಕ್ಕೆ ಆದಷ್ಟು ಚಳಿಗಾಲದಲ್ಲೇ. ಶುರುವಿನ ಜಾಗದಲ್ಲಿ ನಿಂತು ಪುಸ್ತಕ ತೆಗೆದು ಒಂದು ಪ್ಯಾರಾ ಸಣ್ಣ ದನಿಯಲ್ಲಿ ಓದಿ. ಪುಸ್ತಕ ಮುಚ್ಚಿ ನಡೆಯಿರಿ. ಮುಂದಿನ ತಿರುವಿನಲ್ಲಿ ಮತ್ತೆ ಓದಿ. ಇಯರ್‌ಫೋನ್ ಬೇಡ, ಊರಿನ ಸದ್ದು ಕೇಳಬೇಕು. ಮಾತು ಎಷ್ಟು ಹೊತ್ತು ನಡೆಯಿತು, ಆ ಹೊತ್ತಿನಲ್ಲಿ ಪಾತ್ರಗಳು ಎಷ್ಟು ದೂರ ಹೋದವು ಅಂತ ಹೋಲಿಸಿ. ಲೇಖಕರು ಎಲ್ಲಿ ಬೀದಿಯನ್ನು ಎಳೆದು ಉದ್ದ ಮಾಡಿದ್ದಾರೆ, ಎಲ್ಲಿ ಒಂದೇ ವಾಕ್ಯದಲ್ಲಿ ದಾಟಿಸಿದ್ದಾರೆ ಅನ್ನೋದು ಕಾಲಿಗೇ ಗೊತ್ತಾಗುತ್ತದೆ.

ಸ್ತೊಲ್ಯಾರ್ನಿ ಓಣಿಯ ಮೂಲೆಯಲ್ಲಿ, ಗ್ರಾಜ್ದಾನ್‌ಸ್ಕಯಾ ಬೀದಿಯ 19ನೇ ನಂಬರಿನ ಕಟ್ಟಡವನ್ನು ರಸ್ಕೋಲ್ನಿಕೊವ್‌ನ ಮನೆ ಎಂದು ಗುರುತಿಸುತ್ತಾರೆ. ಗೋಡೆಯ ಮೂಲೆಯಲ್ಲಿ ದಸ್ತಯೇವ್‌ಸ್ಕಿಯ ಉಬ್ಬುಶಿಲ್ಪವಿದೆ. ಅಲ್ಲಿಂದ ಕೊಕುಶ್ಕಿನ್ ಸೇತುವೆ ಕೆಲವೇ ನಿಮಿಷದ ದಾರಿ. ಬಡ್ಡಿ ಮುದುಕಿಯ ಮನೆ ಎನ್ನುವುದು ಕಾಲುವೆ ದಂಡೆಯ 104ನೇ ನಂಬರು. ಬಂದವರೆಲ್ಲ 730 ಹೆಜ್ಜೆ ಎಣಿಸಲು ನೋಡುತ್ತಾರೆ. ಎಣಿಸಿ, ಆದರೆ ಲೆಕ್ಕ ತಪ್ಪಿದರೆ ಬೇಜಾರಾಗಬೇಡಿ. ಒಬ್ಬೊಬ್ಬರ ಹೆಜ್ಜೆ ಒಂದೊಂದು ಅಳತೆ. ಕೊಲೆಯ ದಿನ ಅವನು ಬೇರೆ ಬದಿಯಿಂದ ಆ ಮನೆ ಸೇರಬೇಕೆಂದು ಸುತ್ತಿಕೊಂಡು ಹೋಗುತ್ತಾನೆ. ಎರಡೂ ದಾರಿಯಲ್ಲಿ ನಡೆದು ನೋಡಿ. ಒಂದು ಅಭ್ಯಾಸದ ನಡಿಗೆ, ಇನ್ನೊಂದು ಭಯದ್ದು.

ಇಂಥ ಕಟ್ಟಡಗಳಲ್ಲಿ ಜನ ಸಂಸಾರ ಮಾಡಿಕೊಂಡಿದ್ದಾರೆ ಅನ್ನೋದು ನೆನಪಿರಲಿ. ಯಾರೋ ಒಳಗೆ ಹೋಗುವಾಗ ಹಿಂದೆಯೇ ನುಗ್ಗುವುದು, ಮೆಟ್ಟಿಲ ಗೋಡೆಯ ಮೇಲೆ ಗೀಚುವುದು, ಕಿಟಕಿಗೆ ಕ್ಯಾಮೆರಾ ಹಿಡಿಯುವುದು ಬೇಡವೇ ಬೇಡ. ಗೇಟು ಮುಚ್ಚಿದ್ದರೆ ಹೊರಗಿನಿಂದಲೇ ನೋಡಿ ಬನ್ನಿ.

ಜಾಗವೇ ಇಲ್ಲದಿದ್ದರೆ?

ಎಷ್ಟೋ ಸಲ ಹೀಗಾಗುತ್ತದೆ. 'ಯುಲಿಸೀಸ್'ನ ನಾಯಕ ಬ್ಲೂಮ್‌ನ ಮನೆ, ಎಕಲ್ಸ್ ಸ್ಟ್ರೀಟ್‌ನ 7ನೇ ನಂಬರು, 1967ರಲ್ಲಿ ನೆಲಸಮವಾಯಿತು. ಬಾಗಿಲು ಮಾತ್ರ ಡಬ್ಲಿನ್‌ನ ಜೇಮ್ಸ್ ಜಾಯ್ಸ್ ಸೆಂಟರ್‌ನಲ್ಲಿ ಉಳಿದಿದೆ. ದೂರದ ಪ್ಯಾರಿಸ್‌ನಲ್ಲಿ ಕೂತು ಬರೆಯುತ್ತಿದ್ದ ಜಾಯ್ಸ್, 1921ರಲ್ಲಿ ಡಬ್ಲಿನ್‌ನಲ್ಲಿದ್ದ ತಮ್ಮ ಅತ್ತೆಗೆ ಪತ್ರ ಹಾಕಿ ಕೇಳಿದ್ದರು: ಸಾಮಾನ್ಯ ಮನುಷ್ಯನೊಬ್ಬ ಆ ಮನೆಯ ಮುಂದಿನ ಕಂಬಿ ಹತ್ತಿ ಆಚೆ ಇಳಿದು, ಪೆಟ್ಟಾಗದೆ ಕೆಳಗೆ ಧುಮುಕಲು ಆಗುತ್ತದಾ? ಲೇಖಕರಿಗೇ ಅಷ್ಟು ಖಚಿತತೆ ಬೇಕಿತ್ತು ಅಂದಮೇಲೆ, ನೀವೂ ಪಕ್ಕದ ಬೀದಿಗಳಲ್ಲಿ ಉಳಿದಿರುವ ಅಂಥದೇ ಹಳೆಯ ಮನೆ ಮುಂದೆ ನಿಂತು ಕಂಬಿಯ ಎತ್ತರ ನೋಡಿ.

ಹೀಗೆ ಹುಡುಕಿಕೊಂಡು ಹೋದವರಲ್ಲಿ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಕೂಡ ಒಬ್ಬರು. 1824ರಲ್ಲಿ ಅವರ ತಂದೆ ಸಾಲಕ್ಕಾಗಿ ಲಂಡನ್ನಿನ ಮಾರ್ಷಲ್ಸೀ ಜೈಲು ಸೇರಿದ್ದರು. ಆಗ ಡಿಕನ್ಸ್‌ಗೆ 12 ವರ್ಷ. ಆ ಜೈಲನ್ನೇ 'ಲಿಟಲ್ ಡೊರಿಟ್' ಕಾದಂಬರಿಗೆ ತಂದರು. ಕಾದಂಬರಿ ಮುಗಿಯುತ್ತಾ ಬಂದಾಗ, ಜೈಲಿನಲ್ಲಿ ಏನು ಉಳಿದಿದೆ ಅಂತ ತಾವೇ ನೋಡಲು ಹೋದರು. ಮುಂದಿನ ಅಂಗಳ ಬೆಣ್ಣೆ ಅಂಗಡಿಯಾಗಿತ್ತು. ಎಲ್ಲ ಹೋಯಿತು ಅಂದುಕೊಂಡು ಪಕ್ಕದ ಓಣಿಗೆ ತಿರುಗಿದರೆ ಹಳೆಯ ಕಟ್ಟಡ ಅಲ್ಲೇ ಇತ್ತು. ದೊಡ್ಡ ಕೂಸೊಂದನ್ನು ಎತ್ತಿಕೊಂಡಿದ್ದ ಪುಟ್ಟ ಹುಡುಗ ಜಾಗದ ಕಥೆಯನ್ನು ಬಹುಪಾಲು ಸರಿಯಾಗಿಯೇ ಹೇಳಿದನಂತೆ. ಇದನ್ನೆಲ್ಲ ಮುನ್ನುಡಿಯಲ್ಲಿ ಅವರೇ ಬರೆದಿದ್ದಾರೆ. ಈಗ ಉಳಿದಿರುವುದು ಬರೋ ಹೈ ಸ್ಟ್ರೀಟ್ ಪಕ್ಕದ ಏಂಜಲ್ ಪ್ಲೇಸ್ ಎಂಬ ಕಿರಿದಾದ ಓಣಿಯಲ್ಲಿನ ಒಂದು ಉದ್ದ ಇಟ್ಟಿಗೆ ಗೋಡೆ. ಹತ್ತಿರದ ಸೇಂಟ್ ಜಾರ್ಜ್ ಚರ್ಚಿನ ಬಣ್ಣದ ಗಾಜಿನಲ್ಲಿ ಕಾದಂಬರಿಯ ನಾಯಕಿ ಪುಟ್ಟ ಡೊರಿಟ್‌ಳ ಚಿತ್ರವನ್ನೂ ಸೇರಿಸಿದ್ದಾರೆ. ಅದನ್ನು ಹುಡುಕಿ ನೋಡಿ.

ಮ್ಯೂಸಿಯಂ ಕೊನೆಗೆ

ಬೀದಿ ಮುಗಿದ ಮೇಲೆ ಮ್ಯೂಸಿಯಂಗೆ ಹೋಗಿ. ಮೊದಲೇ ಹೋದರೆ ಅವರು ತೋರಿಸಿದ ಚಿತ್ರವೇ ತಲೆಯಲ್ಲಿ ಕೂತುಬಿಡುತ್ತದೆ.

ಇಸ್ತಾಂಬುಲ್ ಮಾತ್ರ ಇದಕ್ಕೆ ಹೊರತು. ಅಲ್ಲಿ ಮ್ಯೂಸಿಯಮ್ಮೇ ಕಾದಂಬರಿಯ ಜಾಗ. ಓರ್ಹಾನ್ ಪಾಮುಕ್ ಅವರ 'ದಿ ಮ್ಯೂಸಿಯಂ ಆಫ್ ಇನೊಸೆನ್ಸ್' ಹೊರಬಂದದ್ದು 2008ರಲ್ಲಿ. ಅದೇ ಹೆಸರಿನ ಮ್ಯೂಸಿಯಮನ್ನು ಅವರು 2012ರಲ್ಲಿ ಚುಕುರ್‌ಜುಮಾ ಬಡಾವಣೆಯ ಹಳೆಯ ಮನೆಯೊಂದರಲ್ಲಿ ತೆರೆದರು. 83 ಅಧ್ಯಾಯಗಳ ಲೆಕ್ಕದಲ್ಲೇ ಗಾಜಿನ ಪೆಟ್ಟಿಗೆಗಳನ್ನು ಜೋಡಿಸಿದ್ದಾರೆ. ನಾಯಕಿ ಸೇದಿ ಬಿಟ್ಟ 4,213 ಸಿಗರೇಟು ತುಂಡುಗಳು ಒಂದು ಗೋಡೆಯ ತುಂಬಾ ಇವೆ. ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಪ್ರವೇಶದ ಟಿಕೆಟ್ ಅಚ್ಚಾಗಿದೆ. ಆ ಪುಟ ತೋರಿಸಿದರೆ ಅದರ ಮೇಲೆ ಮುದ್ರೆ ಒತ್ತಿ ಪುಕ್ಕಟೆ ಒಳಗೆ ಬಿಡುತ್ತಾರೆ. ಆದ್ದರಿಂದ ಓದಿದ ಪ್ರತಿಯನ್ನೇ ತೆಗೆದುಕೊಂಡು ಹೋಗಿ.