ಜಗಳಗಂಟ ಮೀನುಗಳ ನಡುವೆ ತಡೆ ಹಾಕುವುದು ಹೇಗೆ?

ಒಂದು ಮೀನು ಇನ್ನೊಂದನ್ನು ಅಟ್ಟಾಡಿಸತೊಡಗಿದರೆ ಹೆಚ್ಚಿನವರು ಟ್ಯಾಂಕಿನ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಸಿಕ್ಕಿಸಿ ನಿಶ್ಚಿಂತರಾಗುತ್ತಾರೆ. ಬೆಳಗ್ಗೆ ನೋಡಿದರೆ ಎರಡೂ ಒಂದೇ ಕಡೆ ಇರುತ್ತವೆ, ಸೋತದ್ದರ ಬಾಲ ಚಿಂದಿಯಾಗಿರುತ್ತದೆ. ಹಾಳೆಗೆ ಏನೂ ಆಗಿರುವುದಿಲ್ಲ, ಅಂಚಿನಲ್ಲಿ ಸಂದು ಬಿಟ್ಟಿರುತ್ತದೆ. ಇಂಥದ್ದನ್ನು ಮತ್ತೆ ಮತ್ತೆ ಕಂಡಿದ್ದರಿಂದಲೇ ಇಲ್ಲಿ ಅಂಚಿನ ಮಾತು ಹೆಚ್ಚು.

ಮೊದಲು, ತಡೆ ನಿಜಕ್ಕೂ ಬೇಕೇ ಎಂದು ನೋಡಿ. ಟೈಗರ್ ಬಾರ್ಬ್‌ಗಳು ಎರಡು ಮೂರೇ ಇದ್ದರೆ ಬೇರೆ ಮೀನುಗಳ ರೆಕ್ಕೆ ಕಚ್ಚುತ್ತವೆ; ಎಂಟು ಹತ್ತರ ಗುಂಪಾದರೆ ಬಹುಮಟ್ಟಿಗೆ ತಮ್ಮತಮ್ಮಲ್ಲೇ ಬಡಿದಾಡಿಕೊಂಡಿರುತ್ತವೆ. ಗಂಡು ಫೈಟರ್ (ಬೆಟ್ಟಾ) ಮೀನುಗಳ ವಿಷಯದಲ್ಲಿ ಯೋಚಿಸುವಂಥದ್ದೇನಿಲ್ಲ: ಎರಡನ್ನು ಒಟ್ಟಿಗೆ ಬಿಡಲೇಬಾರದು. ಬೆಳೆದ ಆಸ್ಕರ್, ಫ್ಲವರ್‌ಹಾರ್ನ್‌ಗಳಿಗೆ ಜಾಲರಿ ಲೆಕ್ಕಕ್ಕೇ ಇಲ್ಲ, ತಳ್ಳಿ ಬೀಳಿಸುತ್ತವೆ. ಅವಕ್ಕೆ ಬೇರೆ ಟ್ಯಾಂಕ್ ಮಾಡಿ. ಅದಕ್ಕೆ ಜಾಗವಿಲ್ಲದಿದ್ದರೆ ಎರಡನೆಯದನ್ನು ಸಾಕಬೇಡಿ.

ತಡೆಗೆ, ಕಸೂತಿಗೆ ಬಳಸುವ ಗಟ್ಟಿ ಪ್ಲಾಸ್ಟಿಕ್ ಜಾಲರಿ ಚೆನ್ನಾಗಿ ಒದಗುತ್ತದೆ. ತೂತು ನಿಮ್ಮಲ್ಲಿರುವ ಅತಿ ಚಿಕ್ಕ ಮೀನಿನ ತಲೆಗಿಂತ ಸಣ್ಣದಿರಬೇಕು. ತಲೆ ತೂರಿತೆಂದರೆ ಕಿವಿರಿನ ಮುಚ್ಚಳ ಸಿಕ್ಕಿಕೊಂಡು ಮೀನಿಗೆ ಹಿಂದೆ ಬರಲಾಗುವುದಿಲ್ಲ. ಲೋಹದ ಜಾಲರಿ ಬೇಡವೇ ಬೇಡ. ತಾಮ್ರ, ಸತು ನೀರಿಗೆ ಬಿಟ್ಟುಕೊಂಡರೆ ಮೀನುಗಳಿಗೆ ವಿಷ.

ಈಗ ಬದಿಯ ಅಂಚು. ಟ್ಯಾಂಕಿನ ಒಳ ಅಗಲವನ್ನು ಮೇಲೆ, ನಡುವೆ, ತಳದಲ್ಲಿ ಹೀಗೆ ಮೂರು ಕಡೆ ಅಳೆಯಿರಿ. ಮೂಲೆಗೆ ಬಳಿದ ಸಿಲಿಕೋನಿನಿಂದಾಗಿ ಮೂರೂ ಒಂದೇ ಆಗಿರುವುದಿಲ್ಲ. ರಿಪೋರ್ಟ್ ಫೈಲುಗಳ ಬೆನ್ನಿಗೆ ಸಿಕ್ಕಿಸುವ ಉದ್ದನೆಯ ಪ್ಲಾಸ್ಟಿಕ್ ಪಟ್ಟಿಗಳನ್ನು ಜಾಲರಿಯ ಎರಡೂ ಬದಿಗೆ ತೊಡಿಸಿ. ಪಟ್ಟಿ ಸೇರಿದ ಒಟ್ಟು ಅಗಲ ಟ್ಯಾಂಕಿನ ಒಳ ಅಗಲಕ್ಕಿಂತ ಅರ್ಧ ಸೆಂಟಿಮೀಟರಿನಷ್ಟು ಹೆಚ್ಚಿರಲಿ. ಆಗ ಜಾಲರಿ ಕೊಂಚ ಬಾಗಿ ನಿಂತು ಎರಡೂ ಗಾಜನ್ನು ಒತ್ತಿ ಹಿಡಿಯುತ್ತದೆ. ಸಿದ್ಧ ತಡೆಗಳ ಜೊತೆ ಕೊಡುವ ರಬ್ಬರ್ ಸಕ್ಷನ್ ಕಪ್‌ಗಳನ್ನು ನಂಬಬೇಡಿ. ಗಾಜಿಗೆ ಪಾಚಿ ಹಿಡಿದೊಡನೆ ಅವು ಕಳಚುತ್ತವೆ. ಕಾಯಂ ತಡೆ ಬೇಕಿದ್ದರೆ ಖಾಲಿ ಟ್ಯಾಂಕಿನಲ್ಲಿ ಪಟ್ಟಿಗಳನ್ನು ಸಿಲಿಕೋನಿನಿಂದ ಅಂಟಿಸಿ ಕನಿಷ್ಠ 48 ಗಂಟೆ ಒಣಗಲು ಬಿಡಿ. ಹುಳಿ ವಾಸನೆ ಪೂರ್ತಿ ಹೋಗುವವರೆಗೂ ನೀರು ತುಂಬಬಾರದು. ಸ್ನಾನದ ಮನೆಗೆಂದು ಮಾರುವ, ಬೂಷ್ಟು ತಡೆಯುವ ಮದ್ದು ಬೆರೆಸಿದ ಸಿಲಿಕೋನ್ ಮಾತ್ರ ತರಲೇಬೇಡಿ.

ಎಲ್ಲರೂ ಎಡವುವುದು ತಳದಲ್ಲಿ. ಜಾಲರಿಯನ್ನು ಮರಳಿನ ಮೇಲೆ ನಿಲ್ಲಿಸಿದರೆ ಅದು ತಡೆಯೇ ಅಲ್ಲ. ಸಿಕ್ಲಿಡ್‌ಗಳು (ಆಸ್ಕರ್, ಫ್ಲವರ್‌ಹಾರ್ನ್‌ಗಳ ಬಳಗದ ಮೀನುಗಳು) ಬಾಯಲ್ಲಿ ಮರಳು ತೆಗೆದು ಹಾಕುತ್ತಾ ಹೊತ್ತು ಮುಳುಗುವುದರೊಳಗೆ ದಾರಿ ಮಾಡಿಕೊಳ್ಳುತ್ತವೆ. ಆ ಸಾಲಿನಲ್ಲಿ ಮರಳನ್ನು ಎರಡೂ ಪಕ್ಕಕ್ಕೆ ಸರಿಸಿ, ತಳದ ಗಾಜು ಕಾಣಬೇಕು. ಜಾಲರಿಯ ಕೆಳಗಿನ ಎರಡು ಇಂಚನ್ನು ಬಿಸಿನೀರಲ್ಲಿ ಮೆದು ಮಾಡಿ ಎಲ್ ಆಕಾರಕ್ಕೆ ಮಡಿಸಿ. ಮಡಿಕೆ ಗಾಜಿನ ಮೇಲೆ ಮಲಗಲಿ, ಅದರ ಮೇಲೆ ಚಪ್ಪಟೆ ಕಲ್ಲು ಹೇರಿ, ಬಳಿಕ ಮರಳು ಮುಚ್ಚಿ. ಕತ್ತರಿಸಿದ ಅಂಚುಗಳ ಮೇಲೆ ಬೆರಳಾಡಿಸಿ ನೋಡಿ, ಚುಚ್ಚಿದರೆ ಉಜ್ಜಿ ನುಣುಪು ಮಾಡಿ. ಫೈಟರ್‌ನ ಉದ್ದ ರೆಕ್ಕೆ ಅಂಥಲ್ಲೇ ಹರಿಯುವುದು.

ಮೇಲ್ಭಾಗ ಸುಲಭ: ಜಾಲರಿ ಮುಚ್ಚಳಕ್ಕೆ ತಾಗುವಷ್ಟು ಎತ್ತರವಿರಲಿ. ಫೈಟರ್‌ಗಳು ಜಿಗಿಯುತ್ತವೆ. ಆದರೆ ಅವು ಗಾಳಿಯನ್ನೂ ನೇರವಾಗಿ ಉಸಿರಾಡುವುದರಿಂದ ನೀರಿಗೂ ಮುಚ್ಚಳಕ್ಕೂ ನಡುವೆ ಜಾಗ ಬಿಡಬೇಕು.

ಪಾರದರ್ಶಕ ತಡೆಯನ್ನು ನಾನು ಒಪ್ಪುವುದಿಲ್ಲ. ಎದುರಾಳಿ ಸದಾ ಕಣ್ಣೆದುರಿದ್ದರೆ ಫೈಟರ್ ಇಡೀ ದಿನ ಕಿವಿರು ಅಗಲಿಸಿ ಸೆಣಸುತ್ತಲೇ ಇರುತ್ತದೆ, ಮೇವು ಬಿಡುತ್ತದೆ, ಸೊರಗುತ್ತದೆ. ಕೆಲವರಿಗೆ ಅದು ನೋಡಲು ಚಂದ, ಮೀನಿಗೆ ಹಿಂಸೆ. ಕಪ್ಪು ಜಾಲರಿ ಹಾಕಿ, ಎರಡೂ ಕಡೆ ಜಾವಾ ಫರ್ನ್ ಅಥವಾ ಅನುಬಿಯಾಸ್ ಗಿಡಗಳನ್ನು ದಟ್ಟವಾಗಿ ನಿಲ್ಲಿಸಿ.

ತಡೆ ನಿಂತ ಮೇಲೆ ನೀರಿನ ಓಡಾಟವೂ ಕುಂದುತ್ತದೆ. ಎರಡೂ ಭಾಗಕ್ಕೆ ಒಂದೊಂದು ಸ್ಪಂಜ್ ಫಿಲ್ಟರ್ ಇಡಿ. ಹೀಟರ್ ಒಂದೇ ಇದ್ದರೆ ಅದನ್ನು ತಡೆಯ ಹತ್ತಿರವಿಟ್ಟು, ಥರ್ಮಾಮೀಟರ್ ಮಾತ್ರ ಎರಡೂ ಕಡೆ ಇರಲಿ. ಎರಡರ ನಡುವೆ ಒಂದು ಡಿಗ್ರಿಗಿಂತ ಹೆಚ್ಚು ಅಂತರ ಕಂಡರೆ ಜಾಲರಿಯ ತೂತುಗಳು ಪಾಚಿಯಿಂದ ಕಟ್ಟಿವೆ ಎಂದು ತಿಳಿಯಿರಿ. ಮೆದು ಬ್ರಷ್‌ನಿಂದ ತಿಕ್ಕಿ. ಒಂದು ಎಚ್ಚರಿಕೆ: ಗೋಡೆ ಎದ್ದರೂ ನೀರು ಒಂದೇ. ಒಂದು ಮೀನಿಗೆ ರೋಗ ಬಂದರೆ ಇನ್ನೊಂದಕ್ಕೂ ದಾಟುತ್ತದೆ, ಔಷಧ ಹಾಕಿದರೂ ಎರಡಕ್ಕೂ ಹೋಗುತ್ತದೆ.

ಸಿಕ್ಲಿಡ್‌ಗಳನ್ನು ಮತ್ತೆ ಒಂದುಗೂಡಿಸಿ ನೋಡುವುದಾದರೆ, ಗಾಯಗಳು ಪೂರ್ತಿ ಮಾಯ್ದ ಮೇಲೆ ರೌಡಿಯನ್ನು ಕೆಲವು ದಿನ ಬೇರೆ ಟ್ಯಾಂಕಿಗೆ ಹಾಕಿ. ಅಷ್ಟರಲ್ಲಿ ತಡೆ ತೆಗೆದು, ಕಲ್ಲು, ಗಿಡ, ಗುಹೆಗಳ ಜಾಗ ಪೂರ್ತಿ ಬದಲಿಸಿ. ಹಳೆಯ ಗಡಿ ಗುರುತು ಸಿಗಬಾರದು. ಎಲ್ಲಕ್ಕೂ ಮೇವು ಹಾಕಿ, ದೀಪ ಆರಿಸಿ, ಕೊನೆಯಲ್ಲಿ ಅದನ್ನು ಬಿಡಿ. ಮೊದಲ ಒಂದು ಗಂಟೆ ಬಲೆ ಕೈಯಲ್ಲೇ ಇರಲಿ. ಬೆನ್ನಟ್ಟಿ ಬಿಟ್ಟುಬಿಟ್ಟರೆ ಸರಿ. ಒಂದೇ ಮೀನನ್ನು ಮೂಲೆಗೊತ್ತಿ ಕಚ್ಚಿದರೆ ಆಗಲೇ ಹಿಡಿದು, ತಡೆ ಮತ್ತೆ ಹಾಕಿ.